ಲೋಬಾನದ ಹೊಗೆ ಮತ್ತು ಒಂದು ಟನ್ನಿನ ಏಸಿ

ಈ ವರ್ಷದ ಮೊದಲ ಸೆಕೆ ಕಾಲಿಟ್ಟ ದಿನ, ಮಧ್ಯಾಹ್ನ ಊಟವಾದ ಮೇಲೆ ನಡುಕೋಣೆಯ ಏಸಿ ಹಚ್ಚಿದೆ. ಚಳಿಗಾಲವೆಲ್ಲ ಬಾಯಿ ಮುಚ್ಚಿಕೊಂಡಿದ್ದ ಯಂತ್ರ ಎರಡು ಸಲ ಕೆಮ್ಮಿ ಉಸಿರು ಬಿಟ್ಟಿತು. ಆ ಮೊದಲ ಉಸಿರಿನಲ್ಲಿ ಎಂದಿನಂತೆ ಲೋಬಾನದ ವಾಸನೆ. ಮುಂಡಗೋಡದಿಂದ ಅವ್ವನ ಜೊತೆ ಬಂದಿದ್ದ ಮೊಮ್ಮಗಳು ಸಮೃದ್ಧಿ, ಆಗಷ್ಟೇ ಮೂರು ತುಂಬಿದವಳು, ಮೂಗು ಮೇಲೆತ್ತಿ ಕೇಳಿದಳು: “ಅಜ್ಜಿ, ಏಸಿಯೊಳಗ ದೇವರ ಮನಿ ವಾಸನಿ ಯಾಕ ಬರ್ತೈತಿ?”

ನಾನು ಮೂವತ್ತೊಂದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದವಳು. ಪ್ರಶ್ನೆ ಪೂರ್ತಿ ಕಿವಿಗೆ ಬೀಳುವ ಮೊದಲೇ ಉತ್ತರ ನಾಲಿಗೆಯ ತುದಿಯಲ್ಲಿರುತ್ತದೆ. ಅದು ಸರಿಯೋ ತಪ್ಪೋ ಆಮೇಲಿನ ಮಾತು. ಅವತ್ತು ಮಾತ್ರ ಬಾಯಿ ಬರಲಿಲ್ಲ. ಆ ವಾಸನೆ ಏಸಿಯೊಳಗೆ ಸೇರಿಕೊಂಡದ್ದು ಅವಳು ಹುಟ್ಟಿದ ಬೇಸಿಗೆಯಲ್ಲಿ, ನಾನು ಹೀಗೇ ತಟ್ಟನೆ ಕೊಟ್ಟ ಒಂದು ಉತ್ತರದಿಂದ.

ನಮ್ಮ ಮನೆ ದಾಂಡೇಲಿಯ ಅಂಬೇವಾಡಿಯಲ್ಲಿ. ಸುತ್ತ ಕಾಡು, ಪಕ್ಕದಲ್ಲಿ ಕಾಳಿ ನದಿ, ನಿಮಗ್ಯಾಕೆ ಏಸಿ ಎಂದು ಧಾರವಾಡದ ನೆಂಟರು ನಗುತ್ತಾರೆ. ಅವರು ಬರುವುದು ಡಿಸೆಂಬರಿನಲ್ಲಿ. ಹಂಚಿನ ಮನೆ ಕೆಡವಿ ಸ್ಲ್ಯಾಬ್ ಹಾಕಿಸಿದ ಮೇಲೆ ಏಪ್ರಿಲ್, ಮೇ ತಿಂಗಳಲ್ಲಿ ನಾವು ಕಾದ ರೊಟ್ಟಿಹಂಚಿನ ಕೆಳಗೆ ಸಂಸಾರ ಮಾಡುವವರು. ಬಿಸಿಲು ಇಳಿದರೂ ಸ್ಲ್ಯಾಬಿನ ಕಾವು ಇಳಿಯುವುದಿಲ್ಲ. ನಮ್ಮವರಿಗೆ ಕಾಗದದ ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ರಾತ್ರಿ ಪಾಳಿ ಮುಗಿಸಿ ಬಂದು ಹಗಲು ನಿದ್ದೆ ಮಾಡಲಾಗದೆ ಒದ್ದಾಡುತ್ತಿದ್ದರು. ಸಮೃದ್ಧಿ ಹುಟ್ಟುವ ಹಿಂದಿನ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ, ರೇಟು ಇಳಿದಾಗ, ಹುಬ್ಬಳ್ಳಿಯಿಂದ ಒಂದು ಟನ್ನಿನ ಏಸಿ ತಂದರು. ಮಳೆ ಹಿಡಿದ ಮೇಲೆ ಏಸಿ ತಂದವರು ಎಂದು ಓಣಿಯವರೂ ಸಾಕಷ್ಟು ನಕ್ಕರು.

ಮುಂದಿನ ಮಾರ್ಚಿನಲ್ಲಿ ಮಗಳು ಶೈಲಾ ಹೆತ್ತಳು. ಎರಡು ಸಲ ಬಸಿರು ನಿಲ್ಲದೆ, ಮೂರನೆಯದಕ್ಕೆ ಉಳಿದ ಕೂಸು. ತಿಂಗಳು ತುಂಬುವ ಮೊದಲೇ ಬಂದಿತ್ತು, ಅಂಗೈಯಲ್ಲಿ ಹಿಡಿಸುವಷ್ಟು ಸಣ್ಣದು. ಐದು ತಿಂಗಳು ತವರಿನಲ್ಲಿ ಬಾಣಂತನ ಎಂದು ಮಾತಾಗಿತ್ತು. ನನಗೆ ಏಪ್ರಿಲ್ ಹತ್ತರಿಂದ ಶಾಲೆಯ ರಜೆ. ಆದರೆ ಬಾಣಂತನದ ಯಜಮಾನಿಕೆ ನನ್ನದಲ್ಲ, ನಮ್ಮತ್ತೆ ಗಂಗವ್ವನದು. ಎಂಬತ್ತರ ಹತ್ತಿರದ ಅತ್ತೆಗೆ ಆಗಲೇ ಕಣ್ಣು ಮಂಜಾಗಿತ್ತು, ಒಲೆ ಮುಂದೆ ನಿಲ್ಲಲು ಆಗುತ್ತಿರಲಿಲ್ಲ. ಕೂಸಿಗೆ ಎರೆಯಲು ಕುಳಿತರೆ ಮಾತ್ರ ಆ ಕೈಗೆ ಎಲ್ಲಿಂದಲೋ ಹರೆಯ ಬರುತ್ತಿತ್ತು.

ಅತ್ತೆಯ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ನನ್ನ ತಾಯಿ ನಾನು ಎಂಟನೇ ತರಗತಿಯಲ್ಲಿದ್ದಾಗಲೇ ಹೋದಳು. ಶೈಲಾ ಹುಟ್ಟಿದಾಗ ನನಗೆ ಹೋಗಲು ತವರೆಂಬುದು ಇರಲಿಲ್ಲ. ಸೊಸೆಯ ಬಾಣಂತನ ಅತ್ತೆ ಮಾಡುವುದೇನು ಎಂದು ಮಂದಿ ಮಾತಾಡಿದರು. ಅತ್ತೆ ಸೆರಗು ಸಿಕ್ಕಿಸಿ, ಮೂರು ತಿಂಗಳು ನನ್ನನ್ನು ನೀರಿಗೆ ಕೂರಿಸಿ, ತಲೆಗೆ ಲೋಬಾನದ ಹೊಗೆ ಹಿಡಿದು, ಅಳವಿ ಕಾಳಿನ ಪಾಯಸ ಕುಡಿಸಿದರು. ಆ ಹೊಗೆಯ ವಾಸನೆ ಬಂದರೆ ಇವತ್ತಿಗೂ ನನಗೆ ಯಾರೋ ತಲೆ ನೇವರಿಸಿದ ಹಾಗೆ ಆಗುತ್ತದೆ.

ಏಸಿ ಇದ್ದ ನಡುಕೋಣೆಯೇ ಬಾಣಂತಿಯ ಕೋಣೆ ಎಂದರೆ ಇಂಥ ಅತ್ತೆಗೆ ಹೇಗಾಗಿರಬೇಡ. ಬಾಣಂತಿಗೆ ಥಂಡಿ ಬಡಿದರೆ ಜನ್ಮ ಪೂರ್ತಿ ಸೊಂಟನೋವು ಎಂಬುದು ಅವರ ವಾದ. ಈ ಸೆಕೆಯಲ್ಲಿ ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಕೂತರೆ ತಾನೇ ಬೇಯುತ್ತೇನೆ ಎಂಬುದು ಶೈಲಾಳ ವಾದ. ನಾನು ನಡುವೆ ನಿಂತು ರಾಜಿ ಮಾಡಿಸಿದೆ. ಬೆಳಿಗ್ಗೆ ಎರೆದಾದ ಮೇಲೆ ಅಗ್ಗಿಷ್ಟಿಗೆಯ ಕೆಂಡಕ್ಕೆ ಲೋಬಾನ, ಅಜವಾನ, ಬೆಳ್ಳುಳ್ಳಿ ಸಿಪ್ಪೆ ಹಾಕಿ, ಕಿಟಕಿ ಬಾಗಿಲು ಮುಚ್ಚಿ ಹೊಗೆ ಕೊಡುವುದು ಅತ್ತೆಯ ಹಕ್ಕು. ಆಮೇಲೆ ಏಸಿ ಹಚ್ಚಿಕೊಳ್ಳುವುದು ಮಗಳ ಹಕ್ಕು. ಕಿವಿಗೆ ಹತ್ತಿ ಮಾತ್ರ ಕಡ್ಡಾಯ.

ಮೊದಲ ದಿನವೇ ಶೈಲಾ ಹೊಗೆಯಲ್ಲಿ ಕೆಮ್ಮುತ್ತ, ಇಷ್ಟು ಹೊಗೆ ಹೋಗುವುದು ಯಾವಾಗ ಎಂದು ಕೇಳಿದಳು. ಆಗ ನಾನು ಆ ಉತ್ತರ ಕೊಟ್ಟೆ. ನಿನ್ನ ಅಜ್ಜಿ ಅಗ್ಗಿಷ್ಟಿಗೆ ಎತ್ತಿಕೊಂಡು ಹೊರಗೆ ಹೋದ ಕೂಡಲೇ ಜೋರಾಗಿ ಏಸಿ ಹಚ್ಚು. ಅದು ಒಳಗಿನ ಕೆಟ್ಟ ಗಾಳಿ ಎಳೆದು ಹೊರಗೆ ಹಾಕಿ, ಹೊರಗಿನ ಒಳ್ಳೆ ಗಾಳಿ ತರುತ್ತದೆ, ಅದಕ್ಕೇ ಅಲ್ಲವೇ ಗೋಡೆಯಾಚೆ ಇನ್ನೊಂದು ಪೆಟ್ಟಿಗೆ ಇಟ್ಟಿರುವುದು. ನಾಲ್ಕನೇ ತರಗತಿಗೆ ಹೇಳುವ ಧಾಟಿಯಲ್ಲೇ ಹೇಳಿದೆ. ಶೈಲಾ ನಂಬಿದಳು. ನಾನೂ ನಂಬಿದ್ದೆ. ಅತ್ತೆ ಹೊರಗೆ ಕಾಲಿಟ್ಟರೆ ಸಾಕು, ಏಸಿ ಗುಂಯ್ ಎನ್ನುತ್ತಿತ್ತು.

ಮೂರು ನಾಲ್ಕು ವಾರ ಸುಖವಾಗಿತ್ತು. ಆಮೇಲೆ ತಂಪು ಕಡಿಮೆಯಾಗುತ್ತ ಬಂತು. ಗಾಳಿ ಬರುತ್ತಿತ್ತು, ತಂಪಿರಲಿಲ್ಲ; ಕೊನೆಗೆ ಗಾಳಿಯೂ ಸೊರಗಿತು. ಒಳಗಿನ ಪೆಟ್ಟಿಗೆಯಿಂದ ಗೋಡೆಯ ಗುಂಟ ನೀರು ಇಳಿಯತೊಡಗಿತು. ಕೆಳಗೆ ಸ್ಟೀಲಿನ ಬೋಗುಣಿ ಇಟ್ಟೆವು. ಹೊರಗಿನ ಪೈಪಿನ ಮೇಲೆ ಬಿಳಿ ಹಿಮ ಕಟ್ಟಿದ್ದನ್ನು ಕಂಡು, ನೋಡಿ ಎಷ್ಟು ತಂಪು ಮಾಡುತ್ತಿದೆ ಎಂದು ನಮ್ಮವರಿಗೆ ತೋರಿಸಿ ಹೆಮ್ಮೆಪಟ್ಟವಳು ನಾನೇ. ತಂಪೆಲ್ಲ ಪೈಪಿನ ಮೇಲಿತ್ತು, ಕೋಣೆಯೊಳಗೆ ಕೂಸು ಬೇಯುತ್ತಿತ್ತು.

ಕೂಸಿನ ಬೆನ್ನು, ಕುತ್ತಿಗೆಯೆಲ್ಲ ಬೆವರುಸಾಲೆ. ನಾಲ್ಕು ಗುಟುಕು ಹಾಲು ಕುಡಿದು ಅಳುತ್ತ ಮುಖ ತಿರುಗಿಸುತ್ತಿತ್ತು. ಪ್ರತಿ ಶನಿವಾರ ಆಸ್ಪತ್ರೆಯಲ್ಲಿ ತೂಕ ನೋಡುತ್ತಿದ್ದೆವು. ಒಂದು ವಾರ ತೂಕ ಏರಲಿಲ್ಲ. ಎರಡನೆಯ ವಾರವೂ ಮುಳ್ಳು ಅಲ್ಲೇ ನಿಂತಿತು. ನರ್ಸಮ್ಮ ತಂಪಾದ ಕಡೆ ಇಟ್ಟು ಮತ್ತೆ ಮತ್ತೆ ಹಾಲು ಕೊಡಿ ಎಂದರು. ಹೊರಡುವಾಗ ಕೂಸಿನ ಅಂಗಿ ಮೂಸಿ, ಇಷ್ಟು ಸಣ್ಣ ಕೂಸಿನ ಮೂಗಿಗೆ ಹೊಗೆ ತಾಗಿಸಬೇಡಿ ಎಂದೂ ಹೇಳಿದರು. ಆ ಎರಡನೆಯ ಮಾತನ್ನು ನಾನು ಮನೆಗೆ ತರಲಿಲ್ಲ, ಆಸ್ಪತ್ರೆಯ ಗೇಟಿನಲ್ಲೇ ನುಂಗಿದೆ.

ಅತ್ತ ಮುಂಡಗೋಡದಿಂದ ಬೀಗಿತ್ತಿಯ ಫೋನು. ಅವರದು ದೊಡ್ಡ ಹಂಚಿನ ಮನೆ, ಹಿಂದೆ ಎರಡು ಮಾವಿನ ಮರ, ಸದಾ ಗಾಳಿ. ಕೂಸಿಗೆ ಅಲ್ಲಿ ಆಗದಿದ್ದರೆ ಕರೆದುಕೊಂಡು ಬರುತ್ತೇವೆ ಎಂದರು. ಮಾತಿನಲ್ಲಿ ತಪ್ಪಿರಲಿಲ್ಲ, ಕಳಕಳಿಯೇ ಇತ್ತು. ಅಳಿಯ ಮಂಜುನಾಥ ಮುಂದಿನ ಭಾನುವಾರದ ಹೊತ್ತಿಗೆ ಗಾಡಿ ಮಾಡಿಕೊಂಡು ಬರುವುದೆಂದಾಯಿತು. ನನಗೆ ಕೂಸಿನ ಚಿಂತೆ ಒಂದು ಕಡೆ. ಎರಡೇ ತಿಂಗಳಿಗೆ ಬಾಣಂತಿಯನ್ನು ತವರಿನಿಂದ ಎಬ್ಬಿಸಿದರೆ ಅತ್ತೆ ಮತ್ತೆ ಮೇಲೇಳುವುದಿಲ್ಲ ಎಂಬ ಹೆದರಿಕೆ ಇನ್ನೊಂದು ಕಡೆ. ನನಗೆ ತವರಾದವರು ಅವರು. ಅವರ ಕೈಯಿಂದ ಕೂಸು ಕಿತ್ತುಕೊಂಡು ಹೋದರೆ ನಾನು ಯಾವ ಮುಖ ಹೊತ್ತು ಅವರೆದುರು ನಿಲ್ಲಲಿ?

ಇಷ್ಟರಲ್ಲಿ ರಿಪೇರಿ ನಡೆಯಲಿಲ್ಲ ಎಂದಲ್ಲ. ಪೇಟೆಯ ಒಂದು ಅಂಗಡಿಗೆ ಫೋನು ಮಾಡಿ, ನಮ್ಮ ಏಸಿಯ ಗ್ಯಾಸ್ ಮುಗಿದಿದೆ, ತುಂಬಿಸಿ ಎಂದು ನಾನೇ ಅಪ್ಪಣೆ ಕೊಟ್ಟಿದ್ದೆ. ಅಡಿಗೆಯ ಸಿಲಿಂಡರ್ ನಲವತ್ತು ದಿನಕ್ಕೆ ಮುಗಿಯುವುದಿಲ್ಲವೇ, ಇದೂ ಹಾಗೆ ಎಂಬುದು ನನ್ನ ಲೆಕ್ಕ. ಅಂಗಡಿಯವನು ಬಂದ, ಮೀಟರು ಹಚ್ಚಿದ, ಹೌದ್ರಿ ಕಡಿಮೆ ತೋರಿಸುತ್ತಿದೆ ಎಂದ, ತುಂಬಿದ, ಎರಡೂವರೆ ಸಾವಿರ ಇಸಿದುಕೊಂಡ. ನಾಲ್ಕು ದಿನಕ್ಕೆ ಮತ್ತೆ ಮೊದಲಿನಂತೆಯೇ. ಮತ್ತೆ ತುಂಬಿದ, ಮತ್ತೆ ಎರಡೂವರೆ ಸಾವಿರ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಕೆಲಸ. ಮೂರನೆಯ ಸಲ ಅವನು, ಯಂತ್ರದ ಹೃದಯವೇ ಹೋದಂತಿದೆ, ಕಂಪ್ರೆಸರ್ ಬದಲಿಸಬೇಕು ಎಂದು ಹೊಸ ಏಸಿಯ ಅರ್ಧದಷ್ಟು ಹಣ ಹೇಳಿದಾಗ ನಮ್ಮವರು ಕುರ್ಚಿಯ ಮೇಲೆ ಕೂತುಬಿಟ್ಟರು.

ಹಳಿಯಾಳದ ಶಾಲೆಯಲ್ಲಿದ್ದ ಗೆಳತಿಗೆ ಫೋನಿನಲ್ಲಿ ಗೋಳು ಹೇಳಿಕೊಂಡೆ. ಅವಳು ಇಮಾಮಸಾಬ ಎಂಬುವರ ನಂಬರು ಕೊಟ್ಟಳು. ಮೂವತ್ತು ವರ್ಷದಿಂದ ಫ್ರಿಜ್, ಏಸಿ ರಿಪೇರಿ ಮಾಡುವವರು, ಮಾತು ಕಡಿಮೆ ಎಂದಳು. ಅವರಿಗೂ ನಾನು ನನ್ನ ಹಾಡನ್ನೇ ಶುರುಮಾಡಿದೆ: ಗ್ಯಾಸ್ ಲೀಕ್ ಇರಬೇಕು, ಕಂಪ್ರೆಸರ್ ಕೆಟ್ಟಿರಬೇಕು. ಅವರು ಕೇಳಿಸಿಕೊಂಡು, “ಅಕ್ಕೋರ, ದವಾಖಾನಿಗೆ ಹೋಗಿ ಯಾವ ಸೂಜಿ ಹಾಕಬೇಕು ಅಂತ ನೀವ ಹೇಳ್ತೀರೇನ್ರಿ? ಎಲ್ಲಿ ನೋಯತೈತಿ ಅಷ್ಟ ಹೇಳ್ತೀರಿ. ಹಂಗ ಹೇಳ್ರಿ,” ಎಂದರು. ನೀರು ಸೋರುವುದು, ಗಾಳಿ ಸೊರಗಿದ್ದು, ಪೈಪಿನ ಮೇಲಿನ ಹಿಮ, ಎಲ್ಲ ಹೇಳಿದೆ. ಫಿಲ್ಟರ್ ಯಾವಾಗ ತೊಳೆದಿರಿ ಎಂದು ಕೇಳಿದರು. ಫಿಲ್ಟರ್ ಎಂಬುದೊಂದು ಇದೆಯೆಂದು ನನಗೆ ಅವತ್ತು ಗೊತ್ತಾಯಿತು.

ಸೋಮವಾರ ಬೆಳಿಗ್ಗೆ ಬೈಕಿಗೆ ಸಣ್ಣ ನೀರಿನ ಪಂಪು ಕಟ್ಟಿಕೊಂಡು ಬಂದರು. ನೆರೆತ ಗಡ್ಡ, ಕಿವಿಯ ಮೇಲೆ ಸಿಕ್ಕಿಸಿದ ಪೆನ್ಸಿಲು. ಯಂತ್ರ ಮುಟ್ಟುವ ಮೊದಲೇ ತೊಳೆಯುವುದಾದರೆ ಏಳುನೂರು, ಹಳಿಯಾಳದಿಂದ ಬಂದದ್ದಕ್ಕೆ ನೂರೈವತ್ತು, ಬೇರೆ ಏನಾದರೂ ಕಂಡರೆ ತೋರಿಸಿ ಕೇಳಿಯೇ ಮಾಡುತ್ತೇನೆ ಎಂದು ಹೇಳಿದರು. ವಾರಂಟಿ ಕಾರ್ಡು ಕೇಳಿದರು. ಅದು ದೇವರ ಕೋಣೆಯ ಪೆಟ್ಟಿಗೆಯಲ್ಲಿ ಹಳೆಯ ಪಂಚಾಂಗದೊಳಗೆ ಬಹಳ ಭದ್ರವಾಗಿತ್ತು; ಇನ್ನೂ ಒಂದು ತಿಂಗಳ ವಾರಂಟಿ ಬಾಕಿ ಇತ್ತು. ಕಂಪನಿಯವರಿಗೆ ಒಂದು ಫೋನು ಮಾಡಿದ್ದರೆ ಅವರೇ ಬಂದು ನೋಡುತ್ತಿದ್ದರು. ಬೇಕಾದರೆ ಈಗಲೂ ಅವರನ್ನು ಕರೆಯಿರಿ, ನಾನು ಹೀಗೇ ತಿರುಗಿ ಹೋಗುತ್ತೇನೆ ಎಂದರು ಇಮಾಮಸಾಬರು. ಕಂಪನಿಯವರು ಬರಲು ನಾಲ್ಕು ದಿನವಾಗುತ್ತದೆ ಎಂದು ಫೋನಿನಲ್ಲಿ ಗೊತ್ತಾಗಿ ನಾವೇ ಬೇಡವೆಂದೆವು. ನಮ್ಮವರು ನನ್ನ ಮುಖ ನೋಡಿದರು. ನಾನು ಪಂಚಾಂಗ ನೋಡಿದೆ.

ಇಮಾಮಸಾಬರು ಮುಚ್ಚಳ ತೆಗೆದರು. ಫಿಲ್ಟರಿನ ಜಾಲರಿ ಕಂಬಳಿಯಾಗಿತ್ತು. ಅದರ ಹಿಂದೆ ತಂಪು ಮಾಡುವ ತೆಳು ಪಟ್ಟಿಗಳ ಸಾಲು. ಗಾಳಿ ಆಡಬೇಕಾದ ಸಂದಿಗಳೆಲ್ಲ ಕಂದು ಬಣ್ಣದ ಅಂಟಿನಿಂದ ಮೆತ್ತಿಹೋಗಿದ್ದವು. ಬೆರಳಿನಿಂದ ಒರೆಸಿ ಮೂಸಿದರು. ಪ್ಲಾಸ್ಟಿಕ್ ಚೀಲ ಕಟ್ಟಿ ಪಂಪಿನಿಂದ ನೀರು ಬಿಟ್ಟಾಗ ಬಕೆಟಿಗೆ ಕಪ್ಪು ಚಹಾದಂಥ ನೀರು ಇಳಿಯಿತು, ಇಡೀ ಮನೆ ಲೋಬಾನದ ವಾಸನೆಯಿಂದ ತುಂಬಿತು. ಅತ್ತೆ ಬಾಗಿಲಲ್ಲಿ ನಿಂತಿದ್ದರು. ಅದೇನು ಕಸ ಎಂದು ಕೇಳಿದರು.

ಇಮಾಮಸಾಬರು ಮೂಲೆಯಲ್ಲಿದ್ದ ಅಗ್ಗಿಷ್ಟಿಗೆ ನೋಡಿದರು, ತೊಟ್ಟಿಲು ನೋಡಿದರು, ಅತ್ತೆಯನ್ನು ನೋಡಿದರು. “ಧೂಳ್ರೀ ಅವ್ವಾರ. ಬ್ಯಾಸಗಿ ಧೂಳು,” ಎಂದು ಮತ್ತೆ ಪಂಪು ಹಿಡಿದರು.

ತೊಳೆದಾದ ಮೇಲೆ ಮೀಟರು ಹಚ್ಚಿ ನನ್ನನ್ನೂ ಕರೆದು ತೋರಿಸಿದರು. ಗ್ಯಾಸ್ ಕಡಿಮೆ ಇರಲೇ ಇಲ್ಲ; ಎರಡು ಸಲ ತುಂಬಿದ್ದು ಹೆಚ್ಚಾಗಿತ್ತು, ಅದನ್ನು ತೆಗೆದರು. ಒಳಗೆ ಗಾಳಿ ಆಡದಿದ್ದರೆ ಮೀಟರು ಕಡಿಮೆ ತೋರಿಸುತ್ತದಂತೆ, ಅವಸರದವರು ಅದನ್ನೇ ನಂಬುತ್ತಾರಂತೆ. ಗ್ಯಾಸು ಸಿಲಿಂಡರಿನಂತೆ ಖರ್ಚಾಗುವುದಲ್ಲ, ಪೈಪಿನಲ್ಲಿ ಸುತ್ತುತ್ತಲೇ ಇರುತ್ತದೆ; ನಿಜಕ್ಕೂ ಕಡಿಮೆಯಾದರೆ ಎಲ್ಲೋ ಸೋರಿದೆ ಎಂದರ್ಥ. ಸೋರುವ ಜಾಗ ಹುಡುಕದೆ ತುಂಬುವುದು ತೂತು ಕೊಡಕ್ಕೆ ನೀರು ಹಾಕಿದ ಹಾಗೆ ಎಂದರು. ಏಸಿ ಹಚ್ಚಿದರು. ಹತ್ತು ನಿಮಿಷದಲ್ಲಿ ಶೈಲಾ ಕೂಸಿಗೆ ಹೊದಿಕೆ ಹುಡುಕಿದಳು.

ಹೊರಡುವಾಗ ಅಂಗಳದಲ್ಲಿ ಪಂಪು ಕಟ್ಟುತ್ತ ದನಿ ತಗ್ಗಿಸಿದರು. “ಲೋಬಾನ ನಮ್ಮ ಮನ್ಯಾಗೂ ಗುರುವಾರಕ್ಕೊಮ್ಮೆ ಹಾಕ್ತೇವ್ರಿ. ಅದರದೇನೂ ತಪ್ಪಿಲ್ಲ. ಆದ್ರ ಈ ಏಸಿ ಒಳಗಿನ ಗಾಳಿ ಹೊರಗ ಹಾಕೂದಿಲ್ಲ, ಹೊರಗಿಂದು ಒಳಗ ತರೂದಿಲ್ಲ. ಖೋಲ್ಯಾಗಿನ ಗಾಳಿನ ತಿರುಗ್ಯಾಡಿ ಕುಡೀತೈತಿ. ಹೊಗಿ ಇದ್ದಾಗ ಇದನ್ನ ಹಚ್ಚಿದವ್ರು ಯಾರ್ರಿ, ಅಕ್ಕೋರ?”

ನಾನು ಎಂಟುನೂರೈವತ್ತು ಎಣಿಸಿ ಕೊಟ್ಟೆ. ಅವರು ಮತ್ತೆ ಕೇಳಲಿಲ್ಲ. ಹೀಗೇ ಮುಂದುವರಿದರೆ ತಿಂಗಳಿಗೆ ಮತ್ತೆ ಇದೇ ಗತಿ, ಆಮೇಲೆ ಕಂಪ್ರೆಸರ್ ನಿಜವಾಗಿಯೂ ಹೋಗುತ್ತದೆ. ಹದಿನೈದು ದಿನಕ್ಕೊಮ್ಮೆ ಜಾಲರಿ ನೀವೇ ತೊಳೆಯಿರಿ, ಅದಕ್ಕೆ ನಾನು ಬರಬೇಕಿಲ್ಲ, ಇಪ್ಪತ್ತಾರು ಡಿಗ್ರಿಗೆ ಇಟ್ಟರೆ ಕೂಸಿಗೂ ಸಾಕು, ಬಿಲ್ಲಿಗೂ ಸಾಕು ಎಂದು ಹೇಳಿ ಹೊರಟರು.

ಬೀಸುವ ದೊಣ್ಣೆ ತಪ್ಪಿತು ಎಂದುಕೊಂಡೆ. ಅತ್ತೆಗೆ ಧೂಳು ಎಂದು ಗೊತ್ತು, ಧೂಳೇ ಆಗಿರಲಿ. ಆದರೆ ನಾಳೆ ಬೆಳಿಗ್ಗೆ ಮತ್ತೆ ಹೊಗೆ. ಬೇಡವೆಂದರೆ ಯಾಕೆ ಎನ್ನುತ್ತಾರೆ. ಲೋಬಾನದಿಂದ ಕೂಸು ಬೆಂದಿತು ಎಂದು ಆ ಜೀವಕ್ಕೆ ಹೇಳುವುದು ಹೇಗೆ? ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಮನೆಯಲ್ಲಿ ಹುಡುಕಿದರೆ ನಮ್ಮವರು ಪಾಳಿಗೆ ಹೋಗಿದ್ದರು. ಒಲೆಯ ಮುಂದೆ ನಿಂತು ಬಹಳ ಹೊತ್ತು ಯೋಚಿಸಿದೆ. ಆಗ ಇಮಾಮಸಾಬರ ಪ್ರಶ್ನೆಯೇ ದಾರಿ ತೋರಿಸಿತು. ಹೊಗೆಯ ತಪ್ಪಲ್ಲ, ಏಸಿಯ ತಪ್ಪಲ್ಲ. ಎರಡನ್ನೂ ಕೂಡಿಸಿದವಳು ನಾನು. ಅದನ್ನು ಒಪ್ಪಿಕೊಳ್ಳುವುದು ಬಿಟ್ಟು ಅತ್ತೆಗೆ ಹೇಗೆ ಹೇಳಲಿ ಎಂದು ಒದ್ದಾಡುತ್ತಿದ್ದೆ.

ಮಧ್ಯಾಹ್ನ ಅತ್ತೆ ಪಡಸಾಲೆಯಲ್ಲಿ ಕೂತು ಬೆಳ್ಳುಳ್ಳಿ ಸಿಪ್ಪೆ ಬಿಡಿಸುತ್ತಿದ್ದರು. ಹತ್ತಿರ ಕೂತೆ.

“ಅತ್ಯಾರ, ಅದು ಧೂಳಲ್ಲ. ಲೋಬಾನದ ಹೊಗಿ ಒಳಗ ಹೋಗಿ ಅಂಟಿತ್ತು. ನಿಮ್ಮದೇನೂ ತಪ್ಪಿಲ್ಲ. ಹೊಗಿ ಇದ್ದಾಗ ಏಸಿ ಹಚ್ಚು ಅಂತ ಶೈಲಾಗ ಹೇಳಿದಾಕಿ ನಾನ.”

ಅತ್ತೆಯ ಕೈ ನಿಲ್ಲಲಿಲ್ಲ. “ನನಗ ಗೊತ್ತಿತ್ತವ್ವಾ. ಸಂಜೀಕ ಏಸಿ ಹಚ್ಚಿದ್ರ ಮುಂಜಾನಿ ಹಾಕಿದ ಲೋಬಾನದ ವಾಸನಿ ಬರ್ತಿತ್ತು. ಕಣ್ಣ ಹೋಗ್ಯಾವ, ಮೂಗ ಹೋಗಿಲ್ಲ. ಹೇಳಿದ್ರ ಲೋಬಾನ ಬಿಡಸ್ತೀರಿ ಅಂತ ಸುಮ್ನ ಇದ್ದೆ. ದಿನಾ ಒಂದೊಂದ ಚಿಟಿಕಿ ಕಡಿಮಿ ಮಾಡಕೋತ ಬಂದೆ.” ಇನ್ನೊಂದು ಎಸಳು ಬಿಡಿಸಿ ಹೇಳಿದರು: “ನನ್ನ ಕೈಯಾಗ ಇದೊಂದ ಕೆಲಸ ಉಳದಿತ್ತು ನೋಡು.”

ಲೋಬಾನದ ಡಬ್ಬಿ ತೆಗೆದು ತೋರಿಸಿದರು. ಈ ಹೊತ್ತಿಗೆ ಖಾಲಿಯಾಗಬೇಕಿದ್ದ ಡಬ್ಬಿ ಅರ್ಧ ಉಳಿದಿತ್ತು. ನಾನು ಅತ್ತೆಯ ತೊಡೆಯ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಒಂದೇ ಮನೆಯಲ್ಲಿ ಇಬ್ಬರು ಹೆಂಗಸರು ಒಬ್ಬರಿಗೊಬ್ಬರು ನೋವಾಗಬಾರದೆಂದು ಬಾಯಿ ಮುಚ್ಚಿಕೊಂಡು, ಆ ಸುಮ್ಮನಿರುವಿಕೆಯಲ್ಲಿ ಕೂಸನ್ನು ಬೇಯಿಸಿದ್ದೆವು. ನರ್ಸಮ್ಮ ಹೇಳಿದ ಮಾತನ್ನೂ ಆಗಲೇ ಹೇಳಿಬಿಟ್ಟೆ. ಅತ್ತೆ ಸಿಪ್ಪೆಯ ಬುಟ್ಟಿ ಬದಿಗಿಟ್ಟರು.

ಮರುದಿನ ಬೆಳಿಗ್ಗೆ ಎರೆದಾದ ಮೇಲೆ ಅಗ್ಗಿಷ್ಟಿಗೆ ನಡುಕೋಣೆಗೆ ಬರಲಿಲ್ಲ. ಹಿತ್ತಲ ಕಟ್ಟೆಯ ಮೇಲಿತ್ತು. ಅತ್ತೆ ಒಂದು ಚಿಟಿಕೆ ಲೋಬಾನ ಹಾಕಿ, ಕೂಸಿನ ಅಂಗಿ, ಕುಂಚಿಗೆ, ತೊಟ್ಟಿಲ ಬಟ್ಟೆಯನ್ನು ಒಂದೊಂದಾಗಿ ಹೊಗೆಯ ಮೇಲೆ ಹಿಡಿದರು. ಬಿಸಿಲಲ್ಲಿ ಚೆನ್ನಾಗಿ ಕೊಡವಿ, ಹೊಗೆಯ ಕಾವು ಆರಿದ ಮೇಲೆ ಒಳಗೆ ತಂದು ಕೂಸಿಗೆ ತೊಡಿಸಿದರು. ಹಿಂದಿನ ಕಾಲದಲ್ಲೂ ಅಂಗಿಗೇ ಹಿಡಿಯುತ್ತಿದ್ದರು, ಮೂಗಿಗೆ ಹಿಡಿಯುವುದು ಆಮೇಲಿನವರ ಅವಸರ ಎಂದು ಶೈಲಾಗೆ ಪಾಠ ಮಾಡಿದರು. ಅದು ನಿಜವೋ ಅಲ್ಲೇ ಹುಟ್ಟಿಸಿದ್ದೋ ನನಗೆ ಇವತ್ತಿಗೂ ಗೊತ್ತಿಲ್ಲ. ಉತ್ತರ ತಟ್ಟನೆ ಕೊಡುವುದು ನಮ್ಮ ಮನೆಯ ಹೆಂಗಸರಿಗೆಲ್ಲ ಇರುವ ಗುಣ.

ಆ ವಾರ ಗುಡುಗಿನೊಡನೆ ಒಂದು ಅಡ್ಡಮಳೆಯೂ ಬಿದ್ದು ನೆಲ ತಂಪಾಯಿತು. ಕೂಸು ಹಾಲು ಕುಡಿದು ನಿದ್ದೆ ಮಾಡಿತು, ಎದ್ದು ಮತ್ತೆ ಕುಡಿಯಿತು. ಶನಿವಾರ ತೂಕಕ್ಕೆ ಹೊರಟಾಗ ಅತ್ತೆ ಹೊಸ ಸೀರೆ ಉಟ್ಟು ಆಟೋದಲ್ಲಿ ಮೊದಲೇ ಕೂತಿದ್ದರು. ಮುಳ್ಳು ಎಲ್ಲಿ ನಿಂತಿದೆ ಎಂದು ಅವರಿಗೆ ಕಾಣುವುದಿಲ್ಲ. ನರ್ಸಮ್ಮನ ಕೈ ಹಿಡಿದು ಎರಡು ಸಲ ಹೇಳಿಸಿಕೊಂಡರು. ಇನ್ನೂರು ಗ್ರಾಮಿಗೆ ಹತ್ತು ಕಡಿಮೆ ಏರಿತ್ತು. ಭಾನುವಾರ ಮಂಜುನಾಥ ಗಾಡಿ ತಂದ. ಮಗಳನ್ನು ಎತ್ತಿಕೊಂಡು ನೋಡಿದ, ಹೋಳಿಗೆ ಉಂಡ, ಸಂಜೆ ಖಾಲಿ ಗಾಡಿಯಲ್ಲಿ ತಿರುಗಿ ಹೋದ. ಗಾಡಿ ಓಣಿ ದಾಟುವವರೆಗೂ ಅತ್ತೆ ಬಾಗಿಲಲ್ಲಿ ನಿಂತಿದ್ದರು, ಆಮೇಲೆ ಹಿತ್ತಲಿಗೆ ಹೋಗಿ ಮರುದಿನಕ್ಕೆ ಕಟ್ಟಿಗೆ ಜೋಡಿಸಿಕೊಂಡರು.

ಈಗ ಪ್ರತಿ ಮಾರ್ಚಿನಲ್ಲಿ ಇಮಾಮಸಾಬರು ಬಂದು ತೊಳೆದು ಹೋಗುತ್ತಾರೆ. ಒಳಗಿನ ಸ್ಪಂಜು ಆ ವಾಸನೆ ಕುಡಿದುಬಿಟ್ಟಿದೆ, ಪೂರ್ತಿ ಹೋಗಬೇಕಾದರೆ ಯಂತ್ರವನ್ನೇ ಬಿಚ್ಚಬೇಕು, ಅದರಿಂದ ಕೆಡುಕೇನಿಲ್ಲ, ಸುಮ್ಮನೆ ಖರ್ಚು ಯಾಕೆ ಎನ್ನುತ್ತಾರೆ. ನಾನೂ ಯಾಕೆ ಎನ್ನುತ್ತೇನೆ. ಇನ್ನು ಬಾಣಂತಿಯ ಕೋಣೆಗೆ ಏಸಿ ಬೇಡವೆಂದ ನಮ್ಮತ್ತೆ ಬೇಸಿಗೆ ಬಂದರೆ ಮಧ್ಯಾಹ್ನ ಆ ಕೋಣೆ ಬಿಟ್ಟು ಏಳುವುದಿಲ್ಲ. ಇಪ್ಪತ್ತಾರು ಇಟ್ಟಿದ್ದೀಯಾ ಎಂದು ಕೇಳಿಯೇ ಮಲಗುತ್ತಾರೆ.

ಈ ವರ್ಷದ ಆ ಮೊದಲ ಸೆಕೆಯ ದಿನವೂ ಅಲ್ಲೇ ಮಂಚದ ಮೇಲಿದ್ದರು. ಮೊಮ್ಮಗಳ ಪ್ರಶ್ನೆಗೆ ಈ ಟೀಚರಮ್ಮನಿಂದ ಉತ್ತರ ಬರದಿದ್ದಾಗ ತಾವೇ ಕೈಚಾಚಿ ಅವಳನ್ನು ಹತ್ತಿರ ಎಳೆದುಕೊಂಡರು.

“ಅದು ದೇವರ ಮನಿ ವಾಸನಿ ಅಲ್ಲವ್ವಾ,” ಎಂದರು. “ಅದು ನಿಂದ. ನೀ ಸಣ್ಣಾಕಿ ಇದ್ದಾಗ ಹಿಂಗ ಇದ್ದಿ.”

ಸಮೃದ್ಧಿ ಏಸಿಯನ್ನೊಮ್ಮೆ ನೋಡಿದಳು. ಆಮೇಲೆ ಅಂಗಿಯ ತೋಳು ಮೇಲೇರಿಸಿ ತನ್ನ ಕೈಯನ್ನು ತಾನೇ ಮೂಸಿ ನೋಡಿಕೊಂಡಳು.